ಗುಲಾಬಿ ಗುಂಡು, ತುದಿಯಲ್ಲಿ ಹಳದಿ ಚುಕ್ಕಿ: ಇದು ಬಟನ್ ಹೂವೇ? ಬೀಜ ಯಾಕೆ ಮೊಳೆಯುತ್ತಿಲ್ಲ?

ನಿಮ್ಮ ಗಿಡ ಬಟನ್ ಹೂವೇ, ಚೆಲ್ಲಿದ ಬೀಜ ಯಾಕೆ ಮೊಳೆಯುತ್ತಿಲ್ಲ, ಮಳೆಯಲ್ಲಿ ಒಂದು ಗಿಡ ಯಾಕೆ ಬಾಡಿತು ಎಂದು ಕೇಳಿದ್ದೀರಿ. ಸೊಂಟದೆತ್ತರದ ಗಿಡ, ಸಪೂರ ಕವಲು, ಹಳದಿ ಚುಕ್ಕಿಯ ಗುಲಾಬಿ ಬಣ್ಣದ ಗುಂಡು ಹೂ, ಸವರಿದ ಬುಡದಿಂದ ಎರಡನೇ ವರ್ಷವೂ ಚಿಗುರು ಎಂದಿದ್ದೀರಿ. ಹಾಗಿದ್ದರೆ ಅದು ಮಾಮೂಲಿ ಬಟನ್ ಹೂವಲ್ಲ, ಅದೇ ಕುಲದ ಬಹುವಾರ್ಷಿಕ (ಹಲವು ವರ್ಷ ಬಾಳುವ) ಗಿಡ ಗಾಂಫ್ರಿನಾ ಪುಲ್ಚೆಲ್ಲಾ. ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದರ ‘ಫೈರ್‌ವರ್ಕ್ಸ್’ ತಳಿ.

ಗುರುತು ಖಚಿತವಾಗಬೇಕಾದರೆ ಒಂದು ಗುಂಡು ಕಿತ್ತು ಬಿಡಿಸಿ ನೋಡಿ. ಗುಲಾಬಿ ಬಣ್ಣ ದಳಗಳದ್ದಲ್ಲ, ಮುಟ್ಟಿದರೆ ಸರಸರ ಎನ್ನುವ ಒಣ ಪುಷ್ಪಪತ್ರಗಳದ್ದು, ಅಂದರೆ ಹೂವಿಗೆ ಅಂಟಿಕೊಂಡ ಎಲೆಯಂಥ ಭಾಗಗಳದ್ದು. ನಿಜವಾದ ಹೂ ಅವುಗಳ ನಡುವೆ ಅಡಗಿರುತ್ತದೆ. ಕೇಸರಗಳು ಒಂದಕ್ಕೊಂದು ಬೆಸೆದು ಕೊಳವೆಯಾಗಿ ಹೊರಗಿಣುಕುತ್ತವೆ. ನಿಮಗೆ ಕಂಡ ಹಳದಿ ಚುಕ್ಕಿ ಅದರ ತುದಿ. ಎಲೆಗಳು ಎದುರುಬದುರಾಗಿರಬೇಕು, ಗೆಣ್ಣು ಉಬ್ಬಿರಬೇಕು. ಗೆಣ್ಣಿಗೊಂದೇ ಎಲೆಯಿದ್ದರೆ ಅದು ಕೋಳಿಜುಟ್ಟಿನ ಕಡೆಯದು. ಹೂಗೊಂಚಲು ತೊಟ್ಟಿಲ್ಲದೆ ಎಲೆಯ ಕಂಕುಳಿಗೇ ಅಂಟಿದ್ದರೆ ಹೊನಗೊನ್ನೆಯ ಬಳಗ. ಇವೆಲ್ಲವೂ ಹರಿವೆ ಕುಟುಂಬದವೇ, ಹಾಗಾಗಿ ಗೊಂದಲ ಸಹಜ.

ಒಂದೇ ವರ್ಷ ಬಾಳುವ ಬಟನ್ ಹೂ, ಅಂದರೆ ಗಾಂಫ್ರಿನಾ ಗ್ಲೋಬೋಸಾ, ಸಾಮಾನ್ಯವಾಗಿ 30ರಿಂದ 60 ಸೆಂ.ಮೀ. ಬೆಳೆಯುತ್ತದೆ. ಎಲೆ ಅಗಲ, ಗುಂಡು ಒತ್ತಾಗಿರುತ್ತದೆ, ಅದರ ಅಡಿಯಲ್ಲೇ ಎರಡು ಹಸಿರೆಲೆ ಎದ್ದು ಕಾಣುತ್ತವೆ. ‘ಫೈರ್‌ವರ್ಕ್ಸ್’ 90ರಿಂದ 120 ಸೆಂ.ಮೀ. ಮುಟ್ಟುತ್ತದೆ, ಎಲೆ ಕಿರಿದು. ಗುಂಡು ಕಿತ್ತಳೆ ಅಥವಾ ಕೆಂಪಾಗಿದ್ದರೆ ಅದು ಟೆಕ್ಸಾಸ್, ಮೆಕ್ಸಿಕೊ ಕಡೆಯ ಗಾಂಫ್ರಿನಾ ಹಾಗೇನಾ. ಅದೂ ಬಹುವಾರ್ಷಿಕವೇ, ಬೇರು ಗೆಡ್ಡೆಯಂತಿರುತ್ತದೆ.

ಇನ್ನು ಬೀಜದ ವಿಷಯ. ನೀವು ಒಣಗಿದ ಗುಂಡನ್ನು ಪುಡಿಮಾಡಿ ಹಾಗೇ ಚೆಲ್ಲಿದ್ದೀರಿ, ತೊಂದರೆ ಅಲ್ಲೇ. ಪ್ರತಿ ಪುಟ್ಟ ಹೂವಿನ ಸುತ್ತ ಉಣ್ಣೆಯಂಥ ರೋಮವಿರುತ್ತದೆ, ಅದು ನೀರನ್ನು ಒಳಗೆ ಬಿಡುವುದಿಲ್ಲ. ಬೆರಳಲ್ಲಿ ಒತ್ತಿದಾಗ ಗಟ್ಟಿ ಕಾಳು ಸಿಕ್ಕಿದರೆ ಮಾತ್ರ ಅದರಲ್ಲಿ ಬೀಜವಿದೆ, ಚಪ್ಪಟೆಯಾದರೆ ಜೊಳ್ಳು. ಗುಂಡಿನ ಕೆಳಭಾಗ ಮೊದಲು ಬಲಿಯುವುದರಿಂದ ಕಾಳನ್ನು ಅಲ್ಲೇ ಹುಡುಕಿ. ಒರಟು ಮರಳಿನೊಂದಿಗೆ ಉಜ್ಜಿ ರೋಮ ತೆಗೆದು, ಒಂದು ದಿನ ನೀರಲ್ಲಿ ನೆನೆಸಿ, ಸುಮಾರು 3 ಮಿ.ಮೀ. ಮಣ್ಣು ಮುಚ್ಚಿ. 21ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡು ವಾರದೊಳಗೆ ಮೊಳಕೆ ಕಾಣುತ್ತದೆ. ಮಣ್ಣು ತಣ್ಣಗಿದ್ದರೆ ಕಾಳು ಕೊಳೆಯುವುದೇ ಹೆಚ್ಚು.

ನನ್ನನ್ನು ಕೇಳಿದರೆ ಕಡ್ಡಿ ನೆಡುವುದೇ ಮೇಲು, ತಾಯಿಗಿಡದಂಥದ್ದೇ ಗಿಡ ಸಿಗುತ್ತದೆ. ಮೊಗ್ಗಿಲ್ಲದ 8ರಿಂದ 10 ಸೆಂ.ಮೀ. ತುದಿಚಿಗುರನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳಗಿನ ಎಲೆಗಳನ್ನು ಕಿತ್ತು, ಸಮಪಾಲು ಮರಳು ಮತ್ತು ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಕನಿಷ್ಠ ಒಂದು ಗೆಣ್ಣು ಹೂಳುವಂತೆ ನೆಟ್ಟು, ಬೆಳಕಿರುವ ನೆರಳಲ್ಲಿಡಿ. ಪ್ಲಾಸ್ಟಿಕ್ ಚೀಲ ಬಿಗಿದು ಮುಚ್ಚಬೇಡಿ: ರೋಮದ ಎಲೆಯಲ್ಲಿ ತೇವ ನಿಂತು ಕಪ್ಪಾಗಿ ಕೊಳೆಯುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಬೇರು ಬರುತ್ತದೆ.

ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. 45ರಿಂದ 60 ಸೆಂ.ಮೀ. ಅಂತರ ಕೊಡಿ. 15 ಸೆಂ.ಮೀ. ಎತ್ತರವಾದಾಗ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ಸಾರಜನಕದ ಗೊಬ್ಬರ ಜಾಸ್ತಿಯಾದರೆ ಬರೀ ಸೊಪ್ಪು ಬೆಳೆದು ಕಾಂಡ ಬಾಗುತ್ತದೆ. ನೆಡುವಾಗ ಮಣ್ಣಿಗೆ ಬೆರೆಸಿದ ಒಂದೆರಡು ಹಿಡಿ ಎರೆಗೊಬ್ಬರ ಸಾಕು.

ಮಳೆಯಲ್ಲಿ ಒಂದು ಗಿಡ ದಿಢೀರನೆ ಬಾಡಿತು ಎಂದಿರಲ್ಲ, ಅದು ಬಹುಶಃ ಬೇರು ಕೊಳೆತದ್ದು. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದಿದ್ದರೆ ಇನ್ನಷ್ಟು ನೀರು ಹಾಕುವುದು ಅದನ್ನು ಕೊಂದಂತೆಯೇ. ಜೇಡಿಮಣ್ಣಾದರೆ 20 ಸೆಂ.ಮೀ. ಎತ್ತರದ ಪಾತಿ ಮಾಡಿ, ಮೇಲಿನ 3-4 ಸೆಂ.ಮೀ. ಒಣಗಿದ ಮೇಲಷ್ಟೇ ನೀರು ಕೊಡಿ.

ಹೂ ಮುಗಿದ ಮೇಲೆ ನೆಲದಿಂದ 15-20 ಸೆಂ.ಮೀ. ಬಿಟ್ಟು ಸವರಿ, ಉಳಿಸಿದ ಭಾಗದಲ್ಲಿ ಹಸಿರು ಗೆಣ್ಣುಗಳಿರಲಿ, ಬರೀ ಒಣ ಕಟ್ಟಿಗೆ ಉಳಿಸಿದರೆ ಚಿಗುರುವ ಭರವಸೆ ಕಡಿಮೆ. ಗಟ್ಟಿ ಹಿಮ ಬೀಳುವ ಊರಾದರೆ ಬುಡವನ್ನು ನಂಬಬೇಡಿ, ಚಳಿಗೆ ಮುಂಚೆಯೇ ನಾಲ್ಕಾರು ಕಡ್ಡಿಗಳಿಗೆ ಬೇರು ಬರಿಸಿ ಒಳಗಿನ ಬಿಸಿಲು ಕಿಟಕಿಯಲ್ಲಿಡಿ.