ಓದುಗರ ಪ್ರಶ್ನೆ: ಕಾರ್ಡ್ ನೋಡುತ್ತಾರೆ, ಕಳಿಸೋದಿಲ್ಲ

ಪ್ರಶ್ನೆ: ನಮ್ಮದು ಕನ್ನಡ ಶುಭಾಶಯ ಕಾರ್ಡ್‌ಗಳ ವೆಬ್‌ಸೈಟ್. ಯುಗಾದಿ, ದೀಪಾವಳಿ, ರಾಜ್ಯೋತ್ಸವ ಬಂದರೆ ಜನ ಬರುತ್ತಾರೆ, ಕಾರ್ಡ್ ನೋಡುತ್ತಾರೆ, ಕಳಿಸದೆ ಹೋಗಿಬಿಡುತ್ತಾರೆ. ಕಳಿಸಲು ಮೊದಲು ಲಾಗಿನ್ ಆಗಬೇಕು, ಆಮೇಲೆ ಇನ್ನೊಬ್ಬರ ಇಮೇಲ್ ವಿಳಾಸ ತುಂಬಬೇಕು. ಈಗ ಹೊಸ ಬಣ್ಣ, ಹೊಸ ಲೋಗೋ, ಜಾಸ್ತಿ ಅನಿಮೇಷನ್ ಹಾಕಿ ಸೈಟ್ ಪೂರ್ತಿ ಬದಲಿಸೋಣ ಅಂತಿದ್ದೇವೆ. ಎಲ್ಲಿಂದ ಶುರು ಮಾಡಬೇಕು?
— ಓದುಗರು, ಶಿವಮೊಗ್ಗ

ಉತ್ತರ: ಬಣ್ಣ, ಲೋಗೋ ಸದ್ಯಕ್ಕೆ ಮುಟ್ಟಬೇಡಿ. ತೊಂದರೆ ಎಲ್ಲಿದೆ ಅಂತ ನಿಮ್ಮ ಪ್ರಶ್ನೆಯಲ್ಲೇ ಬರೆದಿದ್ದೀರಿ. ಹಬ್ಬದ ದಿನ ಬೆಳಿಗ್ಗೆ ಅಡುಗೆಮನೆ, ಪೂಜೆ ಎರಡರ ಮಧ್ಯೆ ಎರಡು ನಿಮಿಷ ಬಿಡುವು ಮಾಡಿಕೊಂಡು ಅಕ್ಕನಿಗೊಂದು ಕಾರ್ಡ್ ಕಳಿಸೋಣ ಅಂತ ಬಂದವರ ಹತ್ತಿರ ಪಾಸ್‌ವರ್ಡ್ ಕೇಳಿದರೆ ಅವರು ಯಾಕೆ ನಿಲ್ಲುತ್ತಾರೆ? ಲಾಗಿನ್ ತೆಗೆಯಿರಿ. ಕಳಿಸಿದ ಕಾರ್ಡ್‌ಗಳನ್ನು ಉಳಿಸಿಟ್ಟುಕೊಳ್ಳಬೇಕು ಅನ್ನುವವರಿಗೆ ಮಾತ್ರ, ಅದೂ ಕಳಿಸಿ ಆದ ಮೇಲೆ, ಖಾತೆ ಬೇಕಾ ಅಂತ ಕೇಳಿ.

ಇಮೇಲ್ ವಿಷಯಕ್ಕೆ ಬರೋಣ. 1994ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಜೂಡಿತ್ ಡೊನಾಥ್ 'ಎಲೆಕ್ಟ್ರಿಕ್ ಪೋಸ್ಟ್‌ಕಾರ್ಡ್' ಮಾಡಿದಾಗಿನಿಂದ ಇದೇ ಪದ್ಧತಿ: ಚಿತ್ರ ಆರಿಸಿ, ನಾಲ್ಕು ಮಾತು ಬರೆಯಿರಿ, ಇಮೇಲ್‌ನಲ್ಲಿ ಸುದ್ದಿ ಹೋಗುತ್ತದೆ, ಅವರು ಸೈಟಿಗೆ ಬಂದು ನೋಡುತ್ತಾರೆ. ಆ ಕಾಲಕ್ಕೆ ಅದು ಸರಿ. ಆದರೆ 2007ರಲ್ಲಿ ಸ್ಟಾರ್ಮ್ ವರ್ಮ್ ಅನ್ನುವ ಹಾನಿಕಾರಕ ಕಂಪ್ಯೂಟರ್ ಪ್ರೋಗ್ರಾಂ 'ನಿಮಗೊಂದು ಗ್ರೀಟಿಂಗ್ ಕಾರ್ಡ್ ಬಂದಿದೆ' ಅನ್ನುವ ಸುಳ್ಳು ಇಮೇಲ್‌ಗಳ ಮೂಲಕವೂ ಹರಡಿತು. ಅಂಥ ಇಮೇಲ್ ಕಂಡರೆ ಜನ ಹಿಂದೇಟು ಹಾಕುವುದು ಸಹಜ, ಅಲ್ವಾ? ಈಗ ನಮ್ಮ ಮನೆಗಳಲ್ಲಿ ಶುಭಾಶಯ ಹೋಗುವುದೂ ಬರುವುದೂ ವಾಟ್ಸಾಪ್‌ನಲ್ಲಿ. 'ವಾಟ್ಸಾಪ್‌ನಲ್ಲಿ ಕಳಿಸಿ' ಅನ್ನುವ ಒಂದು ದೊಡ್ಡ ಬಟನ್ ಇರಲಿ, ಹೆಬ್ಬೆರಳಿಗೆ ಸಿಗುವ ಹಾಗೆ ಪರದೆಯ ಕೆಳಗಡೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕಾರ್ಡ್ ಪಡೆಯುವವರ ಫೋನು. ಕಳಿಸುವವರಿಗೆ ಎಷ್ಟು ಚೆಂದ ಕಂಡರೂ, ಆ ಕಡೆ ಅದು ಬರೀ ಉದ್ದದ ಲಿಂಕ್ ಆಗಿ ಬಿದ್ದರೆ ಮೋಸದ ಮೆಸೇಜ್ ಅಂದುಕೊಂಡು ಯಾರೂ ಮುಟ್ಟುವುದಿಲ್ಲ. ಪ್ರತಿ ಕಾರ್ಡ್‌ನ ಪುಟಕ್ಕೂ ಓಪನ್ ಗ್ರಾಫ್ ಟ್ಯಾಗ್‌ಗಳನ್ನು (ಲಿಂಕ್ ಕಳಿಸಿದಾಗ ಏನು ಕಾಣಬೇಕು ಅಂತ ಪುಟದ ಕೋಡ್‌ನಲ್ಲಿ ಬರೆಯುವ ಸಾಲುಗಳು) ಹಾಕಿಸಿ. ಆಗ ಲಿಂಕ್ ಜೊತೆಗೇ ಕಾರ್ಡ್‌ನ ಚಿತ್ರ, ಕಳಿಸಿದವರ ಹೆಸರು ಕಾಣುತ್ತದೆ. ತೆರೆದ ಕೂಡಲೇ ಕಾರ್ಡೇ ಕಾಣಬೇಕು, ಜಾಹೀರಾತಲ್ಲ. ಹಾಡು ತಾನಾಗಿ ಶುರುವಾಗುತ್ತದೆ ಅಂತ ನಂಬಬೇಡಿ. 2018ರಿಂದ ಕ್ರೋಮ್ ಬ್ರೌಸರ್ ಸಾಮಾನ್ಯವಾಗಿ ಅದನ್ನು ತಡೆಯುತ್ತದೆ. ಬದಲಿಗೆ ಮುಚ್ಚಿದ ಲಕೋಟೆ ತೋರಿಸಿ, 'ತೆರೆಯಿರಿ' ಅಂತ ಬರೆಯಿರಿ. ಅವರು ಒತ್ತಿದಾಗ ಲಕೋಟೆ ಬಿಚ್ಚಿಕೊಳ್ಳಲಿ, ನಾದಸ್ವರವೂ ಆಗಲೇ ಶುರುವಾಗಲಿ. ಬೆರಳು ತಾಕಿದ ಮೇಲೆ ಬ್ರೌಸರ್ ಶಬ್ದಕ್ಕೆ ಅಡ್ಡಿ ಮಾಡುವುದಿಲ್ಲ. ಅನಿಮೇಷನ್ ಇಷ್ಟಿದ್ದರೆ ಸಾಕು. ಅಡೋಬಿ ಕಂಪನಿಯ ಫ್ಲ್ಯಾಶ್ ತಂತ್ರಾಂಶದಲ್ಲಿ ಮಾಡಿದ ಹಳೆಯ ಕಾರ್ಡ್‌ಗಳು ಇನ್ನೂ ಉಳಿದಿದ್ದರೆ ತೆಗೆದುಹಾಕಿ, 2020ರ ಕೊನೆಗೆ ಅಡೋಬಿಯೇ ಫ್ಲ್ಯಾಶ್‌ನ ಬೆಂಬಲ ನಿಲ್ಲಿಸಿತು.

ಇಷ್ಟು ಮಾಡಿ, ಹಬ್ಬಕ್ಕೆ ಇನ್ನೂ ದಿನ ಇರುವಾಗಲೇ, ಕಂಪ್ಯೂಟರ್ ಕೆಲಸದವರಲ್ಲದ ಐದು ಜನರನ್ನು ಕೂರಿಸಿ. ಐದು ಜನ ಸಾಕು ಅಂತ ವೆಬ್‌ಸೈಟ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ಅವರವರ ಫೋನಿನಲ್ಲೇ ಕಾರ್ಡ್ ಕಳಿಸಲು ಹೇಳಿ, ನೀವು ಸುಮ್ನೆ ಪಕ್ಕದಲ್ಲಿ ಕೂತು ನೋಡಿ, 'ಅಲ್ಲಿ ಒತ್ತಿ ಆಂಟಿ' ಅಂತ ದಯವಿಟ್ಟು ಹೇಳಬೇಡಿ. ಅವರ ಬೆರಳು ಎಲ್ಲಿ ತಡೆಯುತ್ತದೋ ಅಲ್ಲೇ ನಿಮ್ಮ ಮುಂದಿನ ಕೆಲಸ.

ಪ್ರಶ್ನೆ: ಕಾರ್ಡ್ ಮೇಲೆ ಹೆಸರು, ಸಂದೇಶ ಬರೆದು ಚಿತ್ರವಾಗಿ ಇಳಿಸಿಕೊಂಡರೆ ಕನ್ನಡದ ಒತ್ತಕ್ಷರಗಳು ಒಡೆದುಹೋಗುತ್ತವೆ. ಯಾಕೆ?
— ಓದುಗರು, ಧಾರವಾಡ

ಉತ್ತರ: 'ಲಕ್ಷ್ಮಿ' ಅಂತ ಬರೆದರೆ 'ಲಕ್‌ಷ್‌ಮಿ' ಅಂತ ಬಿಡಿಬಿಡಿಯಾಗಿ ಬರುತ್ತಿದೆ ತಾನೇ? ಸರ್ವರ್‌ನಲ್ಲಿ ಚಿತ್ರ ತಯಾರಿಸುವ ಸಾಫ್ಟ್‌ವೇರ್‌ಗೆ ಅಕ್ಷರ ಕೂಡಿಸಲು ಬರುತ್ತಿಲ್ಲ. ಅಕ್ಷರ ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ಅನ್ನುವ ತಂತ್ರಾಂಶ ಬಳಸುವ ಲೈಬ್ರರಿಗೆ (ಸಿದ್ಧ ಕೋಡ್‌ಗೆ) ಬದಲಾಯಿಸಿ, ಇಲ್ಲವೇ ಚಿತ್ರವನ್ನು ಬ್ರೌಸರ್‌ನಲ್ಲೇ ತಯಾರಿಸಿ. ಒತ್ತಿನ ಕೆಳಭಾಗ ಮಾತ್ರ ಕತ್ತರಿಸಿಹೋಗುತ್ತಿದ್ದರೆ ಸಾಲುಗಳ ನಡುವಿನ ಜಾಗ ಇಂಗ್ಲಿಷ್‌ನ ಅಳತೆಗೆ ಇಟ್ಟಿದ್ದಾರೆ ಅಂತ ಅರ್ಥ, ಅದನ್ನು ಹೆಚ್ಚಿಸಲು ಹೇಳಿ. ಪರೀಕ್ಷೆಗೆ 'ಹಬ್ಬದ ಹಾರ್ದಿಕ ಶುಭಾಶಯಗಳು' ಸಾಲದು. 'ವರಮಹಾಲಕ್ಷ್ಮಿ', 'ರಾಜ್ಯೋತ್ಸವ', 'ಜ್ಯೋತ್ಸ್ನಾ' ಮೂರನ್ನೂ ಹಾಕಿ ನೋಡಿ.