ಮೂರನೇ ಕಾಲದಲ್ಲಿ ಶ್ರುತಿ ತಪ್ಪುವುದಕ್ಕೆ

ಕರ್ನಾಟಕ ಸಂಗೀತ ಕಲಿಯಲು ಶುರುಮಾಡಿ ಆರು ತಿಂಗಳಾದರೂ ಸರಳೆ ವರಸೆ (ಮೊದಲ ಸ್ವರಪಾಠ) ಮೂರನೇ ಕಾಲದಲ್ಲಿ, ಅಂದರೆ ಮೊದಲನೇ ಕಾಲದ ನಾಲ್ಕು ಪಟ್ಟು ವೇಗದಲ್ಲಿ, ಶ್ರುತಿ ತಪ್ಪುತ್ತೆ, ಭಾನುವಾರ ಮೂರು ಗಂಟೆ ಕೂತು ಹಾಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಮೇಡಂ. ದಿನಾ 20 ನಿಮಿಷ ಹಾಡಿ, ತಂಬೂರಿ ಶ್ರುತಿ ಹಾಕಿಕೊಂಡೇ. ಆರು ತಿಂಗಳು ಏನೂ ಹೆಚ್ಚಲ್ಲ, ದಯವಿಟ್ಟು ಬೇಜಾರಾಗಬೇಡಿ.

ಸರಳೆ ವರಸೆ ಹಾಡುವ ರಾಗ ಮಾಯಾಮಾಳವಗೌಳದಲ್ಲಿ ರಿಷಭ (ರಿ) ಷಡ್ಜಕ್ಕೆ (ಸ) ತೀರಾ ಹತ್ತಿರ, ಗಾಂಧಾರ (ಗ) ದೂರ. ಅವರೋಹಣದಲ್ಲಿ ಗ-ರಿ-ಸ ಇಳಿಯುವಾಗ ವೇಗಕ್ಕೆ ರಿ ಪೂರ್ತಿ ಇಳಿಯದೆ ಮೇಲೇ ನಿಂತುಬಿಡುತ್ತೆ. ಬಹುಶಃ ನಿಮಗೂ ಅಲ್ಲೇ ತಪ್ಪುತ್ತಿರಬೇಕು. ಆ ಮೂರು ಸ್ವರಗಳನ್ನಷ್ಟೇ ಮೊದಲನೇ ಕಾಲದಲ್ಲಿ, ಅಕಾರದಲ್ಲಿ (ಸ್ವರದ ಹೆಸರಿಲ್ಲದೆ ಬರೀ ‘ಆ’ ಅಂತ) ನಿಧಾನವಾಗಿ ಎಳೆದು ಹಾಡಿ. ರಿ ಸರಿಯಾಗಿ ನಿಂತ ಮೇಲೆ ಎರಡನೇ ಕಾಲ. ಕೈಯಲ್ಲಿ ಆದಿತಾಳ (ಎಂಟು ಎಣಿಕೆಯ ತಾಳ) ಹಾಕುವುದನ್ನು ಬಿಡಬೇಡಿ. ಮೂರನೇ ಕಾಲ ಸದ್ಯಕ್ಕೆ ಬೇಡವೇ ಬೇಡ. ವಾರಕ್ಕೊಮ್ಮೆ ಮೊಬೈಲಲ್ಲಿ ರೆಕಾರ್ಡ್ ಮಾಡಿ, ಗುರುಗಳಿಗೂ ಕೇಳಿಸಿ.