ಅಜ್ಜಿಯ ಹಸಿವು ಮೊಮ್ಮಕ್ಕಳಿಗೂ ಬರುತ್ತಾ?

ಹಾಸನದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಎಪಿಜೆನೆಟಿಕ್ ಅಂದರೇನು? ಅಜ್ಜಿ ಉಪವಾಸ ಬಿದ್ದಿದ್ದರೆ ಅದು ಮೊಮ್ಮಕ್ಕಳ ಡಿಎನ್‌ಎಯಲ್ಲಿ ಬರೆದಿರುತ್ತದಂತೆ. ವಾಟ್ಸಾಪ್‌ನಲ್ಲಿ ಬಂತು. ಕೊನೆಗೆ ‘ಜೀನ್ ಶುದ್ಧಿ’ ಶಿಬಿರದ ಜಾಹೀರಾತೂ ಇತ್ತು. ನಂಬಬಹುದೇ?”

ಮೇಷ್ಟ್ರೇ, ಮೊದಲು ಒಂದು ಬೆಕ್ಕಿನ ವಿಷಯ ಹೇಳುತ್ತೇನೆ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ 2001ರ ಡಿಸೆಂಬರ್‌ನಲ್ಲಿ ಮೊದಲ ತದ್ರೂಪಿ ಬೆಕ್ಕು, ಅಂದರೆ ಇನ್ನೊಂದು ಬೆಕ್ಕಿನ ಡಿಎನ್‌ಎಯನ್ನೇ ಹೊತ್ತ ಕ್ಲೋನ್ ಹುಟ್ಟಿತು. ಹೆಸರು ಸಿಸಿ. ಮೂಲ ಬೆಕ್ಕು ರೇನ್‌ಬೋ ಮೂರು ಬಣ್ಣದ್ದು. ಆದರೆ ಸಿಸಿ ಮೈಮೇಲೆ ಎಷ್ಟು ಹುಡುಕಿದರೂ ಒಂದೇ ಒಂದು ಕಿತ್ತಳೆ ಮಚ್ಚೆ ಇಲ್ಲ!

ಕಿತ್ತಳೆ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್ (ಕೋಶದೊಳಗೆ ಡಿಎನ್‌ಎ ಸುತ್ತಿಟ್ಟ ಎಳೆಗಳಲ್ಲೊಂದು) ಮೇಲೆ. ಹೆಣ್ಣು ಬೆಕ್ಕಿಗೆ ಎರಡು ಎಕ್ಸ್, ಗಂಡಿಗೆ ಸಾಮಾನ್ಯವಾಗಿ ಒಂದೇ. ರೇನ್‌ಬೋಗೆ ಒಂದರಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಇಲ್ಲ. ಭ್ರೂಣ ಇನ್ನೂ ಚಿಕ್ಕದಿರುವಾಗಲೇ ಪ್ರತಿ ಜೀವಕೋಶವೂ ಯಾವುದೋ ಒಂದು ಎಕ್ಸನ್ನು ಮುಚ್ಚಿಬಿಡುತ್ತದೆ. ಅದರಿಂದ ಹುಟ್ಟುವ ಕೋಶಗಳೆಲ್ಲ ಅದನ್ನೇ ಮುಚ್ಚಿಟ್ಟುಕೊಳ್ಳುತ್ತವೆ. ಇಲಿಗಳ ಮೈಬಣ್ಣ ನೋಡಿ ಬ್ರಿಟಿಷ್ ವಿಜ್ಞಾನಿ ಮೇರಿ ಲಯನ್ 1961ರಲ್ಲೇ ಇದನ್ನು ಹೇಳಿದ್ದರು. ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ ಆಗಿರುವುದೂ ಇದಕ್ಕೇ. ನಿಮ್ಮ ಬೀದಿಯಲ್ಲಿದ್ದರೆ ನೋಡಿ. ಸಿಸಿ ಬಂದದ್ದು ರೇನ್‌ಬೋನ ಒಂದೇ ಕೋಶದಿಂದ. ಅದರಲ್ಲಿ ಕಿತ್ತಳೆಯ ಎಕ್ಸ್ ಮುಚ್ಚಿತ್ತು, ಮತ್ತೆ ತೆರೆಯಲೇ ಇಲ್ಲ.

ಎಪಿಜೆನೆಟಿಕ್ ಅಂದರೆ ಇಂಥದ್ದು. ಡಿಎನ್‌ಎಯ ಅಕ್ಷರ ಬದಲಾಗುವುದಿಲ್ಲ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ನಿರಬೇಕು ಅನ್ನುವುದು ಬದಲಾಗುತ್ತದೆ, ಕೋಶ ಒಡೆದು ಎರಡಾದರೂ ಹಾಗೇ ಉಳಿಯುತ್ತದೆ. ಇದನ್ನು ಕಾಯುವುದು ಪುಟ್ಟ ರಾಸಾಯನಿಕ ಗುರುತುಗಳು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೋಸಿನ್‌ಗೆ ಒಂದು ಇಂಗಾಲ, ಮೂರು ಹೈಡ್ರೋಜನ್ ಸೇರಿದ ಮಿಥೈಲ್ ಗುಂಪು ಅಂಟಿಕೊಳ್ಳುವುದು ಒಂದು ಬಗೆ. ನಮ್ಮ ಲಿವರ್ ಕೋಶ ಒಡೆದರೆ ಲಿವರ್ ಕೋಶವೇ ಹುಟ್ಟುವುದಕ್ಕೂ ಇಂಥ ಗುರುತುಗಳು ಬೇಕು.

ಇನ್ನು ಅಜ್ಜಿಯ ವಿಚಾರ. 1944-45ರ ಚಳಿಗಾಲದಲ್ಲಿ ಜರ್ಮನ್ನರು ಆಹಾರ ಸಾಗಣೆ ತಡೆದಾಗ ಪಶ್ಚಿಮ ನೆದರ್ಲೆಂಡ್ಸ್ ಹಸಿವಿನಿಂದ ತತ್ತರಿಸಿತು. ಆ ಬರದಲ್ಲಿ ಬಸಿರು ನಿಂತು ಹುಟ್ಟಿದವರನ್ನು ಸುಮಾರು 60 ವರ್ಷದ ನಂತರ ಪರೀಕ್ಷಿಸಿದರು. ಐಜಿಎಫ್2 ಎಂಬ ಜೀನ್‌ನಲ್ಲಿ ಮಿಥೈಲ್ ಗುರುತು ಬರ ತಾಗದ ಅವರ ಒಡಹುಟ್ಟಿದವರಿಗಿಂತ ಕಡಿಮೆ ಇತ್ತು. 2008ರಲ್ಲಿ ಪ್ರಕಟವಾಯಿತು. ವಾಟ್ಸಾಪ್ ಕಥೆಗೆ ಇಂಥದ್ದೇ ಏನೋ ಮೂಲ ಇರಬೇಕು. ಆದರೆ ಇಲ್ಲಿ ಹಸಿವು ತಾಗಿದ್ದು ಹೊಟ್ಟೆಯಲ್ಲಿದ್ದ ಮಗುವಿಗೇ, ಅಲ್ವಾ? ಮುಂದಿನ ತಲೆಮಾರಿಗೆ ದಾಟುವುದು ಬೇರೆ ಮಾತು. ಅಂಡಾಣು, ವೀರ್ಯಾಣು ತಯಾರಾಗುವ ದಾರಿಯಲ್ಲಿ ಒಮ್ಮೆ, ಭ್ರೂಣದ ಮೊದಲ ದಿನಗಳಲ್ಲಿ ಇನ್ನೊಮ್ಮೆ ಈ ಗುರುತುಗಳಲ್ಲಿ ಹೆಚ್ಚಿನವು ಅಳಿಸಿಹೋಗುತ್ತವೆ. ತಲೆಮಾರು ದಾಟುವುದಕ್ಕೆ ಗಿಡಗಳಲ್ಲಿ ಗಟ್ಟಿ ಪುರಾವೆ ಇದೆ, ಮನುಷ್ಯರಲ್ಲಿ ಅಂಥದ್ದು ಸಿಕ್ಕಿಲ್ಲ.

ಶಿಬಿರಕ್ಕೆ ದುಡ್ಡು ಕಟ್ಟಬೇಡಿ ಮೇಷ್ಟ್ರೇ. ಕಟ್ಟಿಯಾಗಿದ್ದರೆ, ಯಾವ ಜೀನ್‌ನ ಯಾವ ಗುರುತನ್ನು ಅಳಿಸುತ್ತೀರಿ ಅಂತ ಅವರನ್ನೇ ಕೇಳಿ, ಉತ್ತರ ನಮಗೂ ಕಳಿಸಿ.

– ಸಂ.